ತೆನೆ ಬಿಚ್ಚಿದ ತಪ್ಪಿಗೆ

ಜುಲೈ 28, ಸೋಮವಾರ

ನನ್ನ ಗಂಡ ಕ್ಲಿಫರ್ಡ್ ಬದುಕಿದ್ದಾಗ ಬೈಯುವುದಕ್ಕೆ ಮನೆಯಲ್ಲೇ ಒಬ್ಬ ಗಂಡಸಿದ್ದ. ಅವನು ಹೋಗಿ ಒಂದು ಚಳಿಗಾಲ, ಒಂದು ವಸಂತ ಕಳೆಯಿತು. ಅಮ್ಮನನ್ನು ಬೈಯೋಣವೆಂದರೆ ಅವಳಿಗೆ ಎಂಬತ್ತಾರು, ಮೇಲಾಗಿ ತಿರುಗಿ ಬೈಯುತ್ತಾಳೆ. ಹಾಗಾಗಿ ಈ ಪುಸ್ತಕ.

ಇವತ್ತಿನ ಬೈಗುಳವೆಲ್ಲ ಆ ಹ್ಯಾಚ್ ಹೆಂಗಸಿಗೆ. ಸರೋವರದ ಆಚೆ ದಡದ ಬೇಸಿಗೆ ಮನೆಗಳ ಬಿಳಿಯರು ಕಟ್ಟಿಕೊಂಡಿರುವ ಸತ್ಯ ಮತ್ತು ಸಾಮರಸ್ಯ ಸಮಿತಿಗೆ ಅವಳು ಅಧ್ಯಕ್ಷೆ. ನಮ್ಮ ರಿಸರ್ವಿನ, ಅಂದರೆ ಸರ್ಕಾರ ನಮ್ಮ ಮೂಲನಿವಾಸಿಗಳಿಗೆಂದು ಉಳಿಸಿದ ನೆಲದ, ಕಡೆಯಿಂದ ಕ್ಲಿಫರ್ಡ್ ಸದಸ್ಯನಾಗಿದ್ದ. ಅವನ ಕುರ್ಚಿಯನ್ನು ಈಗ ನನ್ನ ತಲೆಗೆ ಕಟ್ಟಿದ್ದಾರೆ. ಇಪ್ಪತ್ತು ವರ್ಷ ಶಾಲೆಯ ಬಸ್ಸು ಓಡಿಸಿದವಳು ಎಂಥ ಗಲಾಟೆಯನ್ನಾದರೂ ತಡೆದುಕೊಳ್ಳುತ್ತಾಳೆ ಎಂದು ನಮ್ಮ ಮುಖ್ಯಸ್ಥೆಯ ಲೆಕ್ಕಾಚಾರ. ಸಭೆ ಶುರುವಾದದ್ದು ಎಂದಿನಂತೆಯೇ. ಹ್ಯಾಚ್ ಹೆಂಗಸು ಎದ್ದು ನಿಂತು, ಈ ನೆಲ ಈ ನೀರು ಅನಿಶಿನಾಬೆ ಜನರದ್ದು, ಅಂದರೆ ನಮ್ಮದು, ಎಂದು ಕಣ್ಣು ತೇವ ಮಾಡಿಕೊಂಡು ಓದಿದಳು. ಓದಿ ಮುಗಿಸಿ, ಕನ್ನಡಕ ತೆಗೆದು, ದಯವಿಟ್ಟು ಹುಲ್ಲಿನ ಮೇಲೆ ಗಾಡಿ ನಿಲ್ಲಿಸಬೇಡಿ ಎಂದಳು. ಹುಲ್ಲಿನ ಮೇಲೆ ನಿಂತಿದ್ದದ್ದು ನನ್ನ ಗಾಡಿ ಒಂದೇ. ಹೊರಗೆ ಬರುವಾಗ ನಾನು ಅವಳ ಕಾಲು ತುಳಿದೆ, ಕ್ಷಮೆ ಕೇಳಿದವಳು ಅವಳು.

ಕೊಲ್ಲಿಯ ಮಾತೂ ಬಂತು. ಅವರ ನಕಾಶೆಯಲ್ಲಿ ಅದು ಸೂರ್ಯಾಸ್ತದ ಕೊಲ್ಲಿ. ಪೂರ್ವಕ್ಕೆ ಮುಖ ಮಾಡಿರುವ ಕೊಲ್ಲಿಗೆ ಆ ಹೆಸರಿಟ್ಟ ಮಹಾಶಯನಿಗೆ ಏನು ಹೇಳುವುದು. ನಮಗದು ಬಡಿತ ಕೇಳಿಸುವ ಕೊಲ್ಲಿ. ಅಮ್ಮನ ತವರಿನವರು ಅಲ್ಲೇ ಮನೋಮಿನ್ ಬಡಿಯುತ್ತಿದ್ದರು, ನೀರಿನಲ್ಲಿ ತಾನಾಗಿ ಬೆಳೆಯುವ ನಮ್ಮ ಭತ್ತ. ಬೇಸಿಗೆ ಮನೆಗಳು ಎದ್ದ ಮೇಲೆ, ಮೋಟರಿಗೆ ಸುತ್ತಿಕೊಳ್ಳುವ ಕಳೆ ಎಂದು ಯಂತ್ರ ಹಾಕಿ ಅದನ್ನು ನಿರ್ನಾಮ ಮಾಡಿದರು. ನಾನೂ ಕ್ಲಿಫರ್ಡೂ ಉತ್ತರದ ಕೆರೆಯಿಂದ ಬೀಜ ತಂದು ಮತ್ತೆ ಚೆಲ್ಲಿದೆವು. ಮೂರು ಬೇಸಿಗೆ ಬಿಟ್ಟು ನೋಡೋಣ, ಬೆಳೆಯೋ ಕಳೆಯೋ ತಿಳಿಯಲಿ ಎಂದು ಬೇಸಿಗೆ ಮನೆಯವರ ಸಂಘ ಒಪ್ಪಿತ್ತು. ಇದು ಮೂರನೆಯದು. ಸೆಪ್ಟೆಂಬರ್ ಹದಿಮೂರರ ಸಭೆಯ ಹೊತ್ತಿಗೆ ಈ ಕೊಲ್ಲಿಯ ಅಕ್ಕಿಯನ್ನು ಅವರ ಮೇಜಿನ ಮೇಲೆ ತೋರಿಸದಿದ್ದರೆ ಮತ್ತೆ ಯಂತ್ರ ಬರುತ್ತದೆ. ಅವರಲ್ಲೇ ದೊಡ್ಡ ಮೋಟರ್ ದೋಣಿಯ ಡನ್ಫಿ ಅದಕ್ಕಾಗಿಯೇ ಕಾಯುತ್ತಿದ್ದಾನೆ.

ಮನೆಗೆ ಬಂದು ಎಲ್ಲ ಒದರಿದೆ. ಅಮ್ಮ ಕೇಳಿಸಿಕೊಂಡಳೋ ಇಲ್ಲವೋ.

"ಆ ಕೊಲ್ಲೀದು ಒಂದು ಬಟ್ಟಲು ತಿನ್ಬೇಕು ನಾನು," ಎಂದಳು. "ಮಿಕ್ಕಿದ್ದು ನೀನು ನೋಡ್ಕೋ."

ಆಗಸ್ಟ್ 4, ಸೋಮವಾರ

ಭತ್ತ ಬಡಿಯಲು ಇಬ್ಬರು ಬೇಕು. ಒಬ್ಬರು ಹಿಂದೆ ನಿಂತು ಗಳ ಹಾಕಿ ದೋಣಿ ನೂಕಬೇಕು, ಇನ್ನೊಬ್ಬರು ಕೂತು, ಒಂದು ಬಡಿಗೋಲಿನಿಂದ ತೆನೆ ಬಗ್ಗಿಸಿ ಇನ್ನೊಂದರಿಂದ ಕಾಳು ಉದುರಿಸಬೇಕು. ಗಂಡನನ್ನಾದರೂ ಬದಲಾಯಿಸಬಹುದು, ಗಳ ಹಾಕುವವರನ್ನು ಆಗುವುದಿಲ್ಲ ಎಂದು ನಮ್ಮ ಹೆಂಗಸರು ನಗಾಡುತ್ತಾರೆ. ನನಗೆ ಎರಡಕ್ಕೂ ಒಬ್ಬನೇ ಇದ್ದ.

ಊರಿನ ಮಿಕ್ಕವರೆಲ್ಲ ಉತ್ತರದ ದೊಡ್ಡ ಕೆರೆಗೆ ಹೊರಡುತ್ತಿದ್ದಾರೆ. ಚಳಿಗಾಲದ ಅನ್ನ ಅಲ್ಲಿದೆ, ಅವರನ್ನು ದೂರುವಂತಿಲ್ಲ. ಅಮ್ಮ ಉಳಿದವರ ಹೆಸರು ಒಂದೊಂದಾಗಿ ಹೇಳಿದಳು, ನಾನು ಒಂದೊಂದಕ್ಕೂ ಕೊಂಕು ತೆಗೆದೆ. ಒಬ್ಬನಿಗೆ ಬಾಯಿ ಜಾಸ್ತಿ, ಇನ್ನೊಬ್ಬಳಿಗೆ ತೂಕ. ಕೊನೆಗೆ ಅಮ್ಮ, ನಿನಗೆ ಬೇಕಾದವನು ಸಿಗಬೇಕಾದರೆ ಮಣ್ಣು ಅಗೆಯಬೇಕು ಎಂದುಬಿಟ್ಟಳು. ಕ್ಲಿಫರ್ಡನ ಗಳ ಶೆಡ್ಡಿನಲ್ಲಿದೆ. ನಾನು ಆ ಕಡೆ ಹೋಗುವುದನ್ನೇ ಬಿಟ್ಟಿದ್ದೇನೆ.

ಆಗಸ್ಟ್ 14, ಗುರುವಾರ

ಮೂರು ದಿನದಿಂದ ತೆನೆ ಕಟ್ಟುವ ಕೆಲಸ. ಕಾಳು ಹಾಲು ತುಂಬಿರುವಾಗ ನಾಲ್ಕಾರು ತೆನೆ ಸೇರಿಸಿ, ಮೆದು ಮರದ ನಾರಿನಿಂದ ಸುತ್ತಿ ಬಾಗಿಸಿ ಕಟ್ಟಬೇಕು. ಗಾಳಿಗೂ ಹಕ್ಕಿಗೂ ಸಿಕ್ಕುವುದಿಲ್ಲ. ಯಾರ ಕಟ್ಟೋ ಅವರ ಭತ್ತ. ಈಗ ಯಾರೂ ಕಟ್ಟುವುದಿಲ್ಲ, ಪುರುಸೊತ್ತಿಲ್ಲ. ಅಮ್ಮನಿಗೆ ಹಟ. ಅವಳನ್ನು ದೋಣಿಯ ಮುಂದೆ ದಿಂಬಿನ ಮೇಲೆ ಕೂರಿಸಿ, ನಾನು ಸೊಂಟದವರೆಗೆ ನೀರಿಗಿಳಿದು ದೋಣಿ ಎಳೆದೆ. ಅವಳ ಬೆರಳು ನೋಡಬೇಕಿತ್ತು, ಕಾಫಿ ಲೋಟ ಹಿಡಿಯಲು ನಡುಗುವ ಬೆರಳು ನಾರು ಸಿಕ್ಕಿದೊಡನೆ ಹುಡುಗಿಯದಾಯಿತು. ಹಾಡುತ್ತಿದ್ದಳು. ನನ್ನನ್ನೂ ಹಾಡು ಎಂದಳು. ನನಗೆ ಜಿಗಣೆ ಕಚ್ಚಿತ್ತು, ಹಾಡುವ ಸ್ಥಿತಿಯಲ್ಲಿರಲಿಲ್ಲ.

ಆಗಸ್ಟ್ 17, ಭಾನುವಾರ

ಸಿಟ್ಟು ಇನ್ನೂ ಇಳಿದಿಲ್ಲ.

ಬೆಳಿಗ್ಗೆ ಹ್ಯಾಚ್ ಹೆಂಗಸಿನ ಕಾರು ಬಂತು. ತೊಡೆಯವರೆಗೆ ಕೆಸರು, ಕೆನ್ನೆಯ ಮೇಲೆ ಸೊಳ್ಳೆ ಕಚ್ಚಿದ ಗುಳ್ಳೆ, ಆದರೂ ಮುಖದ ತುಂಬ ನಗು. ಕೈಯಲ್ಲಿ ಬಕೆಟ್ಟು.

"ನೊರೀನ್, ಯಾರೋ ಕೆಟ್ಟ ಕೆಲಸ ಮಾಡಿದಾರೆ," ಎಂದಳು. "ಪಾಪ, ತೆನೆಗಳನ್ನೆಲ್ಲ ಕತ್ತು ಹಿಸುಕೋ ಹಾಗೆ ಕಟ್ಟಿಹಾಕಿದ್ರು. ಡನ್ಫಿ ಕಡೆಯವರೇ ಇರ್ಬೇಕು. ಎರಡು ದಿನ ನೀರಲ್ಲಿ ನಿಂತು ಒಂದನ್ನೂ ಬಿಡದೆ ಬಿಚ್ಚಿದೀನಿ. ನೀವೇನೂ ಚಿಂತೆ ಮಾಡ್ಬೇಡಿ."

ಬಕೆಟ್ಟಿನ ತುಂಬ ಅಮ್ಮ ಕಟ್ಟಿದ ನಾರು.

ಬಸ್ಸಿನಲ್ಲಿ ಇಪ್ಪತ್ತು ವರ್ಷ ನುಂಗಿಕೊಂಡ ಮಾತುಗಳೆಲ್ಲ ಒಟ್ಟಿಗೇ ನಾಲಗೆಗೆ ಬಂದು, ಬಾಗಿಲಲ್ಲಿ ಸಿಕ್ಕಿಕೊಂಡವರ ಹಾಗೆ ಒಂದೂ ಹೊರಬೀಳಲಿಲ್ಲ. ಅಷ್ಟರಲ್ಲಿ ಅಮ್ಮ ನಕ್ಕಳು. ನಕ್ಕಳು ಎಂದರೆ ಮೇಜು ಹಿಡಿದುಕೊಂಡು, ಚಹಾ ಮೂಗಿಗೆ ಹತ್ತಿ, ಕಣ್ಣಲ್ಲಿ ನೀರು ಸುರಿಯುವ ಹಾಗೆ. ಕ್ಲಿಫರ್ಡ್ ಹೋದ ಮೇಲೆ ಈ ಮನೆಯಲ್ಲಿ ಯಾರೂ ಹಾಗೆ ನಕ್ಕಿರಲಿಲ್ಲ. ಅದನ್ನು ನೋಡಿ ನನಗೆ ಇನ್ನಷ್ಟು ಉರಿಯಿತು. ಆ ನಾರು ಯಾರದು, ಯಾತಕ್ಕೆ ಕಟ್ಟಿದ್ದು, ಈಗ ಗಾಳಿ ಬಂದರೆ ಏನಾಗುತ್ತದೆ ಎಂದು ನಾನೇ ಬಿಡಿಸಿ ಹೇಳಿದೆ. ಹ್ಯಾಚ್ ಹೆಂಗಸಿನ ಮುಖ ಸುಣ್ಣವಾಯಿತು. ಮತ್ತೆ ಕಟ್ಟಿಕೊಡಲೇ ಎಂದಳು. ಕಾಳು ಗಟ್ಟಿಯಾಗುತ್ತಾ ಬಂದಿದೆ, ಇನ್ನು ಮುಟ್ಟಿದರೆ ಉದುರುತ್ತದೆ ಎಂದೆ. ಅವಳು ಕ್ಷಮಿಸಿ ಎಂದು ಶುರು ಮಾಡಿದಳು, ಅಮ್ಮ ಕೈ ಎತ್ತಿದಳು.

"ಅದು ಬೇಡ. ನಿಮ್ಮ ಕ್ಷಮೆ ನಮ್ಮನೇಲಿ ಬೇಕಾದಷ್ಟು ಶೇಖರವಾಗಿದೆ, ಇಡೋಕೆ ಜಾಗ ಇಲ್ಲ. ಒಬ್ಬರ ತೆನೆ ಬಿಚ್ಚಿದವರು ಆ ವರ್ಷ ಅವರ ದೋಣಿಗೆ ಗಳ ಹಾಕ್ಬೇಕು. ಹಳೇ ಕಟ್ಟಳೆ. ನಾಡಿದ್ದು ಬಾ."

ಹ್ಯಾಚ್ ಹೆಂಗಸು ತಲೆಯಾಡಿಸಿ, ಎಷ್ಟು ಹೊತ್ತಿಗೆ ಬರಲಿ ಎಂದು ಕೇಳಿಕೊಂಡು ಹೋದಳು. ಇಂಥ ಕಟ್ಟಳೆ ನಾನು ಈ ಜನ್ಮದಲ್ಲಿ ಕೇಳಿಲ್ಲವಲ್ಲ, ಯಾವಾಗಿನಿಂದ ಇದೆ ಎಂದು ಅಮ್ಮನನ್ನು ಕೇಳಿದೆ.

"ಇವತ್ತು ಬೆಳಿಗ್ಗೆಯಿಂದ," ಎಂದಳು.

ಆಗಸ್ಟ್ 19, ಮಂಗಳವಾರ

ಮಿಸೆಸ್ ಹ್ಯಾಚ್ ಹೇಳಿದ ಹೊತ್ತಿಗೆ ಸರಿಯಾಗಿ ಬಂದಳು. ಹೊಳೆಯುವ ಲೋಹದ ಹುಟ್ಟು ತಂದಿದ್ದಳು. ಅದರಿಂದ ಗಂಜಿ ತಿರುವಬಹುದು ಎಂದು ಅಮ್ಮ ಅವಳನ್ನು ಶೆಡ್ಡಿಗೆ ಕಳಿಸಿದಳು. ಅವಳು ಕ್ಲಿಫರ್ಡನ ಗಳ ಹೊತ್ತುಕೊಂಡು ಬಂದಳು, ಕೆಸರಿನಲ್ಲಿ ಹೂತುಕೊಳ್ಳದ ಹಾಗೆ ಅವನೇ ಕವಲು ತುದಿ ಕೆತ್ತಿ ಕೂರಿಸಿದ್ದು. ಅದು ಬೇಡ ಎನ್ನಲು ನಾನು ಬಾಯಿ ತೆರೆಯುವಷ್ಟರಲ್ಲಿ ಅವಳು ದೋಣಿ ಹತ್ತಿ, ನಿಂತು, ನೂಕಿ, ನೀರಿಗೆ ಬಿದ್ದಿದ್ದಳು.

ನಾಲ್ಕು ಸಲ ಬಿದ್ದಳು. ವಿನಿಪೆಗ್ಗಿನಲ್ಲಿ ಮೂವತ್ತು ವರ್ಷ ಮಕ್ಕಳಿಗೆ ಈಜು ಕಲಿಸಿದವಳಂತೆ, ಬೀಳುವುದು ಮಾತ್ರ ಅಚ್ಚುಕಟ್ಟು. ಗಳದ ಬುಡಕ್ಕೆ ಮೈಭಾರ ಕೊಡು, ತೋಳಿಗಲ್ಲ ಎಂದು ಗಂಟಲು ಹರಿಯುವಷ್ಟು ಕೂಗಿದೆ. ಒಂದು ಮಾತೂ ತಿರುಗಿ ಆಡಲಿಲ್ಲ. ಅದೇ ನನಗೆ ಹೊಟ್ಟೆ ಉರಿಸಿತು.

ಆಗಸ್ಟ್ 24, ಭಾನುವಾರ

ಬೆವರ್ಲಿ (ಹ್ಯಾಚ್ ಹೆಂಗಸಿಗೆ ಹೆಸರೂ ಇದೆ) ಇವತ್ತು ಬೀಳದೆ ದಡದಿಂದ ದಡಕ್ಕೆ ಹೋಗಿ ಬಂದಳು. ಇಳಿಯುವಾಗ ಬಿದ್ದಳು, ಅದು ಲೆಕ್ಕಕ್ಕಿಲ್ಲ ಎಂದು ಅಮ್ಮನ ತೀರ್ಪು. ದೋಣಿಯಲ್ಲಿ ಕೂತರೆ ನನ್ನ ಬೆನ್ನಿಗೆ ಗಳ ನೀರಿಗಿಳಿಯುವ ಸದ್ದು ಕೇಳುತ್ತದೆ. ಮೊದಲೆರಡು ದಿನ ತಿರುಗಿ ತಿರುಗಿ ನೋಡುತ್ತಿದ್ದೆ. ಈಗ ಕತ್ತು ನೋಯುತ್ತದೆಂದು ಬಿಟ್ಟಿದ್ದೇನೆ.

ಊಟಕ್ಕೆ ನಿಲ್ಲಿಸಿಕೊಂಡೆವು. ಹುರಿದ ಮೀನು, ಬ್ಯಾನಕ್ ರೊಟ್ಟಿ. ಅವಳ ಗಂಡ ಬದುಕಿದ್ದಾನಂತೆ, ಆದರೆ ಇನ್ನೊಬ್ಬಳ ಜೊತೆ. ಅದು ನನ್ನದಕ್ಕಿಂತ ವಾಸಿಯೋ ಕಡೆಯೋ ಎಂದು ಇಬ್ಬರೂ ಸ್ವಲ್ಪ ಹೊತ್ತು ವಾದ ಮಾಡಿದೆವು. ನಿನ್ನದಕ್ಕೇ ಬೈಗುಳ ಜಾಸ್ತಿ ದಕ್ಕಬೇಕು ಎಂದು ನಾನು ಒಪ್ಪಿಕೊಂಡೆ. ಅವಳಿಗೆ ಬೈಯಲು ಬರುವುದಿಲ್ಲ. ಒಂದೆರಡು ಕಲಿಸಿದೆ.

ಆಗಸ್ಟ್ 29, ಶುಕ್ರವಾರ

ಬೆಳಗಿನಿಂದ ಗಾಳಿ. ಮೂಡಣ ಗಾಳಿ, ನಿಲ್ಲುತ್ತಿಲ್ಲ. ಅಮ್ಮ ಕಿಟಕಿ ಬಿಟ್ಟು ಏಳಲಿಲ್ಲ, ಊಟವನ್ನೂ ಮುಟ್ಟಲಿಲ್ಲ. ಕಟ್ಟಿದ್ದ ತೆನೆಯಾಗಿದ್ದರೆ ನಿಶ್ಚಿಂತೆಯಿಂದ ಇರುತ್ತಿದ್ದೆವು. ಬರೆಯಲು ಮನಸ್ಸಿಲ್ಲ.

ಆಗಸ್ಟ್ 30, ಶನಿವಾರ

ಬೆಳಿಗ್ಗೆ ನಾವು ಹೋಗುವ ಮುಂಚೆಯೇ ಬೆವರ್ಲಿ ಕೊಲ್ಲಿಯ ದಡದಲ್ಲಿ ನಿಂತಿದ್ದಳು. ನಿನ್ನೆ ಇಡೀ ದಿನ ಅಲ್ಲೇ ನಿಂತಿದ್ದಳಂತೆ. ನಿಂತು ಏನು ಮಾಡಿದೆ, ಗಾಳಿಗೆ ಕೈ ಅಡ್ಡ ಹಿಡಿದೆಯಾ ಎಂದೆ. ನಗಲಿಲ್ಲ. ಕಣ್ಣು ಊದಿತ್ತು. ಪಾಪ ಎನಿಸಿತು.

ಹೊರ ಅಂಚಿನ ಭತ್ತವೆಲ್ಲ ಮಲಗಿದೆ, ಉದುರಿದ ಕಾಳು ನೀರಿನ ತಳ ಸೇರಿದೆ. ಒಳಗೆ, ಜೊಂಡಿನ ಮರೆಯಲ್ಲಿ ಮಾತ್ರ ನಿಂತಿದೆ. ಅರ್ಧಕ್ಕೂ ಕಡಿಮೆ. ಅಮ್ಮ ಒಂದು ಕಾಳು ಕಿತ್ತು ಒಸಡಿನಲ್ಲೇ ಕಡಿದು ನೋಡಿದಳು. ಉದುರಿದ್ದು ವ್ಯರ್ಥವಲ್ಲ, ಮುಂದಿನ ವರ್ಷದ ಬೀಜ ಎಂದಳು. ಮುಂದಿನ ವರ್ಷ ಕೊಲ್ಲಿ ನಮ್ಮ ಕೈಯಲ್ಲಿದ್ದರೆ ತಾನೇ ಎಂದು ನಾನು ಹೇಳಲಿಲ್ಲ. ಇನ್ನು ಮೂರು ದಿನ ಬಿಟ್ಟು ಬಡಿಯಬೇಕಂತೆ.

ಸೆಪ್ಟೆಂಬರ್ 2, ಮಂಗಳವಾರ

ಅಮ್ಮ ಕಾಣಿಕೆಯಾಗಿ ಹೊಗೆಸೊಪ್ಪು ನೀರಿಗೆ ಬಿಟ್ಟಳು. ಬೆವ್ ಕೇಳದೆಯೇ ಒಂದು ಚಿಟಿಕೆ ಬಿಟ್ಟಳು. ಹೊರಟೆವು.

ಬಡಿಗೋಲು ಕೈಗೆ ತಗೊಂಡು ಎರಡು ವರ್ಷವಾಗಿತ್ತು. ಮೊದಲ ತೆನೆ ಬಡಿಗೋಲಿನಿಂದ ಜಾರಿತು. ಆಮೇಲೆ ಕೈಗೇ ಎಲ್ಲ ನೆನಪಿತ್ತು. ಎಡಕ್ಕೆ ಬಗ್ಗಿಸು, ಸವರು, ಬಲಕ್ಕೆ ಬಗ್ಗಿಸು, ಸವರು. ಕಾಳು ದೋಣಿಯೊಳಗೆ ಸುರಿಯುವ ಸದ್ದು. ಜೋರಾಗಿ ಹೊಡೆಯುವಂತಿಲ್ಲ, ಹಣ್ಣಾದದ್ದು ತಾನೇ ಬರುತ್ತದೆ, ಹಸಿಯಾದದ್ದು ಇನ್ನೊಂದು ದಿನಕ್ಕೆ ಉಳಿಯುತ್ತದೆ. ಬೆವ್ ಅವಸರ ಮಾಡಲಿಲ್ಲ. ಎಲ್ಲಿ ದಟ್ಟವಾಗಿದೆಯೋ ಅಲ್ಲಿ ನಾನು ಹೇಳುವ ಮೊದಲೇ ನಿಧಾನಿಸುತ್ತಿದ್ದಳು. ಅಮ್ಮ ದಡದಲ್ಲಿ ಕುರ್ಚಿ ಹಾಕಿಕೊಂಡು, ಕಣ್ಣು ಮುಚ್ಚಿ, ಕೇಳುತ್ತಿದ್ದಳು. ಅವಳು ಈ ಕೊಲ್ಲಿಯಲ್ಲಿ ಈ ಸದ್ದು ಕೊನೆಯ ಸಲ ಕೇಳಿದಾಗ ನಾನು ಹುಟ್ಟಿರಲಿಲ್ಲ.

ಮಧ್ಯಾಹ್ನ ದೋಣಿಯ ತಳ ಮುಚ್ಚಿತ್ತು. ಕೂದಲಲ್ಲಿ, ಕಿವಿಯಲ್ಲಿ, ಒಳಉಡುಪಿನಲ್ಲೆಲ್ಲ ಭತ್ತದ ಮುಳ್ಳು ಮತ್ತು ಹುಳ. ಬೆವ್ ಕೆರೆದುಕೊಳ್ಳುತ್ತಾ ನಾನು ಕಲಿಸಿದ್ದರಲ್ಲಿ ಒಂದನ್ನು ಸರಿಯಾದ ಜಾಗದಲ್ಲಿ ಬಳಸಿದಳು. ದೋಣಿ ಅಲುಗುವಷ್ಟು ನಕ್ಕೆ. ಬರುವಾಗ ಹಾಡಿದೆನಂತೆ, ಅಮ್ಮ ಹೇಳಿದಳು. ನನಗೇನೋ ನೆನಪಿಲ್ಲ.

ಸೆಪ್ಟೆಂಬರ್ 6, ಶನಿವಾರ

ಮೂರು ದಿನ ಬರೆದಿಲ್ಲ. ಬೈಯುವಂಥದ್ದೇನೂ ನಡೆಯಲಿಲ್ಲವೇನೋ.

ಇನ್ನೊಂದು ಸಲ ಬಡಿದು, ಒಣಗಿಸಿ, ಇವತ್ತು ಹುರಿದೆವು. ಬೆಂಕಿಯ ಮೇಲೆ ಓರೆಯಾಗಿ ಕಬ್ಬಿಣದ ಕೊಪ್ಪರಿಗೆ, ಬೆವ್ ಕೈಗೆ ಹುಟ್ಟು. ಅದೇ ಹೊಳೆಯುವ ಹುಟ್ಟಲ್ಲ, ಮರದ್ದು. ಕೈ ನಿಂತರೆ ಸೀಯುತ್ತದೆ. ನಾನು ಹುರಿದದ್ದನ್ನು ತುಳಿದು, ಮೊರದಲ್ಲಿ ತೂರುತ್ತಿದ್ದೆ. ಹೊಗೆಯ ವಾಸನೆಗೆ ಅಮ್ಮನ ಬಾಯಿ ಬಿಚ್ಚಿತು. ತುಂಡು ತುಂಡಾಗಿ ನನಗೆ ಗೊತ್ತಿದ್ದುದನ್ನು ಇಡಿಯಾಗಿ ಹೇಳಿದ್ದು ಇದೇ ಮೊದಲು, ಅದೂ ನನಗಲ್ಲ, ಬೆವ್‌ಗೆ.

ನಮ್ಮ ಮಕ್ಕಳನ್ನು ಮನೆಯಿಂದ ಕಿತ್ತು ಕೂಡಿಹಾಕುತ್ತಿದ್ದ ಸರ್ಕಾರಿ ವಸತಿ ಶಾಲೆಗೆ ಅವಳನ್ನು ಒಯ್ಯುವ ಗಾಡಿ ಪ್ರತಿವರ್ಷ ಭತ್ತ ಹಣ್ಣಾಗುವ ಹೊತ್ತಿಗೇ ಬರುತ್ತಿತ್ತಂತೆ. ಒಂದು ಸಲವೂ ಹೊಸ ಅಕ್ಕಿಯ ಊಟಕ್ಕೆ ಅವಳನ್ನು ಬಿಟ್ಟಿಲ್ಲ. ಅಲ್ಲಿ ಮಲಗಿ, ಈಗ ಅಪ್ಪ ಹುರಿಯುತ್ತಿರಬಹುದು, ಈಗ ಅವ್ವ ತೂರುತ್ತಿರಬಹುದು ಎಂದು ಮೂಗು ಅರಳಿಸಿ ನೋಡುತ್ತಿದ್ದಳಂತೆ. ಹದಿನಾರಕ್ಕೆ ಮನೆಗೆ ಬಂದಳು. ಇನ್ನು ಎಲ್ಲ ವರ್ಷವೂ ನನ್ನವೇ ಅಂದುಕೊಂಡಳು. ಕೆಲವೇ ವರ್ಷಕ್ಕೆ ಯಂತ್ರ ಬಂತು.

ಬೆವ್ ಕೈ ನಿಲ್ಲಿಸದೆಯೇ ಹೇಳಿದಳು, "ಯಂತ್ರ ನಡೆಸ್ತಿದ್ದದ್ದು ನಮ್ಮಪ್ಪ."

"ಗೊತ್ತು," ಎಂದಳು ಅಮ್ಮ.

"ನಾನೂ ದೋಣೀಲಿ ಕೂತಿದ್ದೆ. ಐದು ವರ್ಷ ನಂಗೆ. ತೆನೆ ಹೆಣೆದು ಕಿರೀಟ ಮಾಡ್ಕೊಂಡಿದ್ದೆ."

"ಅದೂ ಗೊತ್ತು. ಹಳದಿ ಟೋಪಿ. ಯಂತ್ರದ ಹಲ್ಲಿನ ಪಕ್ಕದಲ್ಲೇ ಬಗ್ಗಿ ಬಗ್ಗಿ ತೆನೆ ಹಿಡೀತಿದ್ದೆ. ದಡದಲ್ಲಿ ನಿಂತು ನೋಡ್ತಿದ್ದೆ ನಾನು. ಭತ್ತ ಹೋಯ್ತು ಅಂತ ಅಳ್ಲೋ, ಮಗು ಬಿದ್ದುಹೋಗತ್ತೆ ಅಂತ ಕೂಗ್ಲೋ, ಗೊತ್ತಾಗ್ಲಿಲ್ಲ. ಕೊನೆಗೆ ಕೂಗ್ದೆ. ನಿಮ್ಮಪ್ಪ ನಾನು ಬೈತಿದೀನಿ ಅಂದ್ಕೊಂಡ."

ಬೆವ್ ಕ್ಷಮೆ ಕೇಳಲಿಲ್ಲ. ಕೆನ್ನೆಯ ಮೇಲೆ ನೀರು ಹರಿಯುತ್ತಿತ್ತು, ಒರೆಸಿಕೊಳ್ಳಲು ಕೈ ಬಿಡಲಿಲ್ಲ. ನಾನೇ ಹೋಗಿ ನನ್ನ ತಲೆವಸ್ತ್ರದಿಂದ ಒರೆಸಿದೆ. ಕೊಪ್ಪರಿಗೆಯ ಒಂದು ಕಾಳೂ ಸೀಯಲಿಲ್ಲ.

ಸೆಪ್ಟೆಂಬರ್ 13, ಶನಿವಾರ

ಕೊಲ್ಲಿ ಉಳಿಯಿತು.

ಬೇಗ ಬರೆದು ಮಲಗುತ್ತೇನೆ. ಸಭೆಗೆ ಇಡೀ ದಡದವರು ಬಂದಿದ್ದರು. ಬೆವ್ ಎದ್ದಳು, ಕನ್ನಡಕ ಹಾಕಲಿಲ್ಲ, ಏನನ್ನೂ ಓದಲಿಲ್ಲ. ಕೊಲ್ಲಿಯ ಭತ್ತ ಕೊಯ್ದು ಬಿಸಾಡಿದ್ದು ಈ ಸಂಘ, ಯಂತ್ರ ನಡೆಸಿದ್ದು ನನ್ನ ತಂದೆ, ಅದರ ಅನ್ನ ಉಣ್ಣುತ್ತಿದ್ದವರು ಇಗೋ ಇಲ್ಲಿ ಕೂತಿದ್ದಾರೆ ಎಂದು ಅಮ್ಮನನ್ನು ತೋರಿಸಿ ಕೂತಳು. ನಾನು ಚೀಲ ತಂದು ಮೇಜಿನ ಮೇಲಿಟ್ಟು ಅದರ ಬಾಯಿ ಬಿಚ್ಚಿದೆ. ಅರ್ಧ ಚೀಲವಷ್ಟೇ, ಆದರೆ ಹುರಿದ ವಾಸನೆ ಹಿಂದಿನ ಸಾಲಿನವರೆಗೂ ಹೋಯಿತು. ರುಚಿ ನೋಡಬಹುದೇ ಎಂದು ಡನ್ಫಿ ಕೇಳಿದ. ಮೊದಲು ನಮ್ಮ ಸತ್ತವರು ಉಣ್ಣಬೇಕು, ಆಮೇಲೆ ನಾನು, ಆಮೇಲೆ ನೀನು ಎಂದಳು ಅಮ್ಮ. ಕೈ ಎತ್ತಿಸಿದರು. ಡನ್ಫಿಯ ಹೆಂಡತಿ ನಮ್ಮ ಕಡೆ ಎತ್ತಿದಳು, ಅವನು ಅವಳನ್ನು ನೋಡಿದ, ಅವಳು ನೆಟ್ಟಗೆ ಮುಂದೆ ನೋಡಿದಳು.

ಗಾಡಿ ಹುಲ್ಲಿನ ಮೇಲೇ ನಿಲ್ಲಿಸಿದ್ದೆ. ಯಾರೂ ಏನೂ ಅನ್ನಲಿಲ್ಲ.

ಸೆಪ್ಟೆಂಬರ್ 14, ಭಾನುವಾರ

ಕೊಲ್ಲಿಯ ದಡದಲ್ಲೇ ಹೊಸ ಅಕ್ಕಿಯ ಊಟ. ನಮ್ಮ ಮೂವರದೇ, ಉತ್ತರದ ಕೆರೆಯಿಂದ ಇನ್ನೂ ಯಾರೂ ಮರಳಿಲ್ಲ. ಮುಖ್ಯಸ್ಥೆ ಒಂದು ಜಿಂಕೆ ತೊಡೆ ಕಳಿಸಿದ್ದಳು. ಅನ್ನ ಅರಳಿದಾಗ ಒಳಗಿನ ಬಿಳುಪು ಸುರುಳಿಯಾಗಿ ಹೊರಗೆ ಬರುತ್ತದೆ. ಬೆವ್ ಅದನ್ನು ಮಗುವಿನ ಹಾಗೆ ಬಗ್ಗಿ ನೋಡಿದಳು.

ಅಮ್ಮ ಬರ್ಚ್ ತೊಗಟೆಯ ತಟ್ಟೆ ತೊಡೆಯ ಮೇಲಿಟ್ಟುಕೊಂಡು ಹೋದವರ ಪಾಲು ಹಾಕತೊಡಗಿದಳು. ಪ್ರತಿ ಹೆಸರಿಗೂ ಒಂದು ಚಮಚ. ಅವಳ ಅಪ್ಪ ಮೊಯಿಸ್. ಅವ್ವ. ಶಾಲೆಯಿಂದ ಮನೆಗೆ ಬಾರದ ತಂಗಿ. ಆಮೇಲೆ ಕ್ಲಿಫರ್ಡ್. ಅವನ ಹೆಸರು ನಾನೇ ಹೇಳಿದೆ. ಎರಡು ಚಮಚ ಹಾಕು, ಅವನದು ದೊಡ್ಡ ಹೊಟ್ಟೆ ಎಂದೆ.

ಮುಗಿಯಿತು ಅಂದುಕೊಂಡೆ. ಅಮ್ಮ ಚಮಚ ಕೆಳಗಿಡಲಿಲ್ಲ. ಬೆವ್ ಕಡೆ ತಿರುಗಿದಳು.

"ನಿಮ್ಮಪ್ಪನ ಹೆಸರೇನು?"

ಬೆವ್‌ಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಆಯಿತು. "ಆರ್ವಿಲ್," ಎಂದಳು.

ನಿಜ ಹೇಳುತ್ತೇನೆ, ನನಗೆ ಇಷ್ಟವಾಗಲಿಲ್ಲ. ಅಮ್ಮನ ಕೈ ಹಿಡಿಯಬೇಕು ಅನಿಸಿತು. ಅಮ್ಮ ಚಮಚ ತುಂಬ ಅನ್ನ ತೆಗೆದು ತಟ್ಟೆಗೆ, ತನ್ನ ಅಪ್ಪನ ಪಾಲಿನ ಪಕ್ಕಕ್ಕೆ, ಹಾಕಿದಳು.

"ಆರ್ವಿಲ್," ಎಂದಳು. "ಅಷ್ಟು ಬೇಸಿಗೆ ಕೊಯ್ದ. ಒಂದು ಕಾಳೂ ಬಾಯಿಗೆ ಹಾಕ್ಕೊಳ್ಳಲಿಲ್ಲ, ಪಾಪ. ಏನು ಕೊಯ್ದೆ ಅಂತ ತಿಂದು ನೋಡ್ಲಿ."

ತಟ್ಟೆಯನ್ನು ಬೆಂಕಿಗೆ ಕೊಡಲು ಬೆವ್ ಎದ್ದಳು. ತಟ್ಟೆ ಅವಳ ಕೈಯಲ್ಲಿ ಓರೆಯಾಯಿತು, ಚೆಲ್ಲಿಬಿಡುತ್ತಾಳೆ ಎನಿಸಿತು. ಇನ್ನೊಂದು ಕಡೆ ನಾನು ಹಿಡಿದುಕೊಂಡೆ. ಇಬ್ಬರೂ ಹೆಜ್ಜೆ ಹೊಂದಿಸಿಕೊಂಡು ಹೋಗಿ ಕೊಟ್ಟು ಬಂದೆವು.

ನಾವು ಮರಳುವಷ್ಟರಲ್ಲಿ ಅಮ್ಮ ತನ್ನ ಬಟ್ಟಲು ತೆಗೆದುಕೊಂಡು ತಿನ್ನಲು ಶುರು ಮಾಡಿದ್ದಳು. ನಿಧಾನವಾಗಿ, ಒಸಡಿನಲ್ಲಿ ಒಂದೊಂದೇ ತುತ್ತು ನುರಿಯುತ್ತಿದ್ದಳು. ನಾವಿಬ್ಬರೂ ಅವಳ ಎರಡು ಪಕ್ಕದಲ್ಲಿ ಕೂತೆವು. ಬಟ್ಟಲಲ್ಲಿ ಒಂದು ಕಾಳೂ ಉಳಿಯದ ಹಾಗೆ ಅವಳು ತಿಂದು ಮುಗಿಸಿದಳು.